ಎರಡನೆಯ ಸುತ್ತು

ಪ್ರವೇಶ: ಆಟದಲ್ಲಿ ಸೋಲು ಗೆಲುವುಗಳು ಸಹಜ. ಮೊದಲು ಹಿಂದೆ ಬಿದ್ದವರು ಎದೆಗುಂದದೆ ಮುಂದುವರಿದರೆ ಏನನ್ನು ಸಾಧಿಸಬಲ್ಲರು? ಸ್ವೀಡನ್ ದೇಶದ ಒಬ್ಬ ಸ್ಕೀ ಆಟಗಾರರ ಬದುಕಿನಲ್ಲಿ ಇದಕ್ಕೆ ಉತ್ತರವಿದೆ.

ಯುರೋಪ್ ಖಂಡದ ಉತ್ತರದಲ್ಲಿರುವ ದೇಶ ಸ್ವೀಡನ್. ಅದರ ಉತ್ತರ ಭಾಗದಲ್ಲಿ ವರ್ಷದ ಹಲವು ತಿಂಗಳು ಬೆಟ್ಟ ಬಯಲುಗಳೆಲ್ಲ ಹಿಮದಿಂದ ಮುಚ್ಚಿರುತ್ತವೆ. ಅಲ್ಲಿನ ಮಕ್ಕಳು ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಾರೆ. ಈ ಪಟ್ಟಿಗಳಿಗೆ 'ಸ್ಕೀ' ಎಂದು ಹೆಸರು. ನಾರ್ವೆ ದೇಶದ ಗಡಿಗೆ ಸಮೀಪ, ಟೆರ್ನಾಬಿ ಎಂಬ ಊರಿನ ಬಳಿಯ ಪುಟ್ಟ ಹಳ್ಳಿಯೊಂದರಲ್ಲಿ ಬೆಳೆದವರು ಇಂಗೆಮಾರ್ ಸ್ಟೆನ್ಮಾರ್ಕ್. ಅವರು ಹುಟ್ಟಿದ್ದು 1956ರ ಮಾರ್ಚ್ 18ರಂದು. ಎಳೆಯ ವಯಸ್ಸಿನಲ್ಲೇ ಸ್ಕೀ ಕಟ್ಟಿಕೊಂಡ ಅವರು ಮುಂದೆ ಜಗತ್ತೇ ಬೆರಗಾಗುವಂತಹ ಆಟಗಾರರಾದರು.

ಬೆಟ್ಟದ ಮೇಲಿನಿಂದ ಕೆಳಗೆ ಜಾರುವ ಸ್ಕೀ ಸ್ಪರ್ಧೆಗಳಲ್ಲಿ ಎರಡು ಬಗೆ. ಕೆಲವು ಸ್ಪರ್ಧೆಗಳಲ್ಲಿ ವೇಗವೇ ಮುಖ್ಯ. 'ಡೌನ್‌ಹಿಲ್' ಎಂಬ ಸ್ಪರ್ಧೆಯಲ್ಲಿ ಆಟಗಾರರು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಇಳಿಯುತ್ತಾರೆ. ಇನ್ನು ಕೆಲವು ಸ್ಪರ್ಧೆಗಳಲ್ಲಿ ಚಾಕಚಕ್ಯತೆಯೇ ಮುಖ್ಯ. ಇವುಗಳನ್ನು ತಾಂತ್ರಿಕ ಸ್ಪರ್ಧೆಗಳು ಎನ್ನುತ್ತಾರೆ. 'ಸ್ಲಾಲಮ್' ಮತ್ತು 'ಜೈಂಟ್ ಸ್ಲಾಲಮ್' ಈ ಗುಂಪಿಗೆ ಸೇರಿವೆ. ಇಳಿಜಾರಿನಲ್ಲಿ ನೆಟ್ಟ ಕಂಬಗಳ ನಡುವೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಾ ಇಳಿಯಬೇಕು. ಸ್ಲಾಲಮ್‌ನಲ್ಲಿ ಕಂಬಗಳು ಹತ್ತಿರ ಹತ್ತಿರ ಇರುತ್ತವೆ. ಜೈಂಟ್ ಸ್ಲಾಲಮ್‌ನಲ್ಲಿ ಅಂತರ ಹೆಚ್ಚು, ವೇಗವೂ ಹೆಚ್ಚು. ಒಂದು ದಾರಿಯನ್ನು ತಪ್ಪಿಸಿದರೂ ಸ್ಪರ್ಧೆಯಿಂದ ಹೊರಗೆ!

ಈ ಸ್ಪರ್ಧೆಗಳಿಗೆ ಎರಡು ಸುತ್ತುಗಳಿವೆ. ಮೊದಲ ಸುತ್ತು ಮುಗಿದ ಮೇಲೆ ಕಂಬಗಳನ್ನು ಕಿತ್ತು ಬೇರೆ ರೀತಿಯಲ್ಲಿ ನೆಡುತ್ತಾರೆ. ಎರಡೂ ಸುತ್ತುಗಳ ಸಮಯವನ್ನು ಕೂಡಿಸಿ, ಕಡಿಮೆ ಸಮಯ ತೆಗೆದುಕೊಂಡವರನ್ನು ವಿಜೇತರೆಂದು ಘೋಷಿಸುತ್ತಾರೆ. ಸೆಕೆಂಡಿನ ನೂರರಲ್ಲಿ ಒಂದು ಭಾಗವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಸ್ಟೆನ್ಮಾರ್ಕ್ ತಮ್ಮ ಮೊದಲ ವಿಶ್ವಕಪ್ ಗೆಲುವನ್ನು ಪಡೆದದ್ದು 1974ರ ಡಿಸೆಂಬರಿನಲ್ಲಿ, ಇಟಲಿಯಲ್ಲಿ. ಆಗ ಅವರಿಗೆ ಹದಿನೆಂಟು ವರ್ಷ. 1976, 1977 ಮತ್ತು 1978ರಲ್ಲಿ ಎಲ್ಲ ಬಗೆಯ ಸ್ಪರ್ಧೆಗಳ ಅಂಕಗಳನ್ನು ಸೇರಿಸಿ ಕೊಡುವ ಸಮಗ್ರ ಪ್ರಶಸ್ತಿ ಅವರದಾಯಿತು. ಅವರು ಸ್ಪರ್ಧೆಗೆ ಇಳಿದರೆ ಸ್ವೀಡನ್ನಿನ ಜನ ಕೆಲಸ ಬಿಟ್ಟು ದೂರದರ್ಶನದ ಮುಂದೆ ಕೂಡುತ್ತಿದ್ದರು. ಶಾಲೆಗಳಲ್ಲೂ ಪಾಠ ನಿಲ್ಲಿಸಿ ಮಕ್ಕಳಿಗೆ ಸ್ಪರ್ಧೆ ತೋರಿಸುತ್ತಿದ್ದುದುಂಟು.

ಮುಂದಿನ ಋತುವಿನಲ್ಲಿ ಅಂಕ ನೀಡುವ ನಿಯಮ ಬದಲಾಯಿತು. ತಾಂತ್ರಿಕ ಸ್ಪರ್ಧೆಗಳನ್ನಷ್ಟೇ ಗೆಲ್ಲುವವರಿಗೆ ಸಮಗ್ರ ಪ್ರಶಸ್ತಿ ಸಿಗುವುದು ಬಹಳ ಕಷ್ಟವಾಯಿತು. ಆ ಋತುವಿನಲ್ಲಿ ಸ್ಟೆನ್ಮಾರ್ಕ್ 13 ಸ್ಪರ್ಧೆಗಳನ್ನು ಗೆದ್ದರು. ನಡೆದ ಹತ್ತು ಜೈಂಟ್ ಸ್ಲಾಲಮ್‌ಗಳಲ್ಲಿ ಹತ್ತನ್ನೂ ಗೆದ್ದರು. ಆದರೂ ಸಮಗ್ರ ಪ್ರಶಸ್ತಿ ಬೇರೆಯವರ ಪಾಲಾಯಿತು. ಸ್ಟೆನ್ಮಾರ್ಕ್ ಮಿತಭಾಷಿ. ಅವರು ಡೌನ್‌ಹಿಲ್ ಕಲಿಯಲು ಹೊರಟರು.

1979ರ ಸೆಪ್ಟೆಂಬರಿನಲ್ಲಿ ಇಟಲಿಯಲ್ಲಿ ಡೌನ್‌ಹಿಲ್ ಅಭ್ಯಾಸ ಮಾಡುತ್ತಿದ್ದಾಗ ಅವರು ಭೀಕರವಾಗಿ ಬಿದ್ದರು. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿತು. ಐದು ತಿಂಗಳಲ್ಲಿ ಅಮೆರಿಕದ ಲೇಕ್ ಪ್ಲ್ಯಾಸಿಡ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಲಿತ್ತು. ಅಲ್ಲಿಯವರೆಗೆ ಅವರಿಗೆ ಒಲಿಂಪಿಕ್ ಚಿನ್ನ ದೊರೆತಿರಲಿಲ್ಲ. ಒಲಿಂಪಿಕ್ಸಿನ ಜೈಂಟ್ ಸ್ಲಾಲಮ್‌ನ ಮೊದಲ ಸುತ್ತಿನಲ್ಲಿ ಅವರಿಗೆ ಮೂರನೆಯ ಸ್ಥಾನ. ಎರಡನೆಯ ಸುತ್ತಿನಲ್ಲಿ ಎಲ್ಲರನ್ನೂ ಹಿಂದಿಕ್ಕಿ 0.75 ಸೆಕೆಂಡುಗಳ ಅಂತರದಿಂದ ಚಿನ್ನ ಗೆದ್ದರು. ಕೆಲವೇ ದಿನಗಳ ಬಳಿಕ ಸ್ಲಾಲಮ್‌. ಈ ಸಲ ಮೊದಲ ಸುತ್ತಿನಲ್ಲಿ ನಾಲ್ಕನೆಯ ಸ್ಥಾನ. ಮತ್ತೆ ಎರಡನೆಯ ಸುತ್ತಿನಲ್ಲಿ ಮುನ್ನುಗ್ಗಿ ಅಮೆರಿಕದ ಫಿಲ್ ಮಾಹ್ರ್ ಅವರನ್ನು ಅರ್ಧ ಸೆಕೆಂಡಿನಿಂದ ಸೋಲಿಸಿದರು. ಹಿಂದೆ ಬಿದ್ದುದನ್ನೇ ನೆನೆಯುತ್ತಾ ನಿಂತಿದ್ದರೆ ಎರಡೂ ಚಿನ್ನ ಕೈತಪ್ಪುತ್ತಿದ್ದವು.

ಕಷ್ಟಗಳು ಅಲ್ಲಿಗೇ ಮುಗಿಯಲಿಲ್ಲ. ಆ ಕಾಲದ ಒಲಿಂಪಿಕ್ಸ್ ಹವ್ಯಾಸಿ ಆಟಗಾರರಿಗೆ ಮೀಸಲಾಗಿತ್ತು. ಕಂಪನಿಗಳಿಂದ ನೇರವಾಗಿ ಹಣ ಪಡೆಯಲು ಅವಕಾಶ ನೀಡುವ ಪರವಾನಗಿಯನ್ನು ಸ್ಟೆನ್ಮಾರ್ಕ್ ಪಡೆದಿದ್ದರು. ಹೀಗಾಗಿ 1984ರ ಸರಾಯೆವೊ ಒಲಿಂಪಿಕ್ಸಿನಲ್ಲಿ ಅವರಿಗೆ ಪ್ರವೇಶ ಸಿಗಲಿಲ್ಲ. ಅದೇ ದಶಕದ ಆರಂಭದಲ್ಲಿ ಸ್ಲಾಲಮ್‌ನ ಕಂಬಗಳೂ ಬದಲಾದವು. ಹಿಂದಿನ ಬಿದಿರಿನ ಕಂಬಗಳನ್ನು ಬಳಸಿಕೊಂಡು ಹೋಗಬೇಕಿತ್ತು. ಹೊಸ ಕಂಬಗಳು ತಳ್ಳಿದರೆ ಬಾಗಿ ಮತ್ತೆ ಎದ್ದು ನಿಲ್ಲುತ್ತಿದ್ದವು. ಅವನ್ನು ಮೈಯಿಂದ ತಳ್ಳಿ ನೇರವಾಗಿ ನುಗ್ಗುವ ಹೊಸ ಶೈಲಿ ಬಂತು. ಸ್ಟೆನ್ಮಾರ್ಕ್‌ರಿಗೆ ಗೆಲುವುಗಳು ವಿರಳವಾದವು. ಆದರೂ ಅವರು ಆಟ ಬಿಡಲಿಲ್ಲ. ನಿಯಮ ಸಡಿಲವಾದ ಮೇಲೆ 1988ರ ಕ್ಯಾಲ್ಗರಿ ಒಲಿಂಪಿಕ್ಸಿನ ಸ್ಲಾಲಮ್‌ನಲ್ಲಿ ಐದನೆಯವರಾದರು. 1989ರಲ್ಲಿ ಕೊನೆಯ ಗೆಲುವು ಪಡೆದು ನಿವೃತ್ತರಾದರು.

ಆಗ ಅವರ ವಿಶ್ವಕಪ್ ಗೆಲುವುಗಳು 86. ಜೈಂಟ್ ಸ್ಲಾಲಮ್‌ನಲ್ಲಿ 46, ಸ್ಲಾಲಮ್‌ನಲ್ಲಿ 40. ಈ ದಾಖಲೆ ಮೂವತ್ತನಾಲ್ಕು ವರ್ಷ ಹಾಗೇ ಉಳಿಯಿತು. 2023ರ ಮಾರ್ಚ್ 11ರಂದು ಅಮೆರಿಕದ ಮಿಕೇಲಾ ಶಿಫ್ರಿನ್ ತಮ್ಮ 87ನೆಯ ಗೆಲುವಿನಿಂದ ಅದನ್ನು ಮುರಿದರು. ಅದೂ ಸ್ವೀಡನ್ನಿನ ನೆಲದಲ್ಲೇ, ಓರೆ ಎಂಬ ಊರಿನಲ್ಲಿ! ತಮ್ಮ ದಾಖಲೆ ಮುರಿದ ಶಿಫ್ರಿನ್‌ರನ್ನು ಸ್ಟೆನ್ಮಾರ್ಕ್ ಮನಸಾರೆ ಮೆಚ್ಚಿಕೊಂಡರು. 2025ರ ಫೆಬ್ರವರಿಯಲ್ಲಿ ಶಿಫ್ರಿನ್ ನೂರನೆಯ ಗೆಲುವನ್ನೂ ಪಡೆದರು.

ನಿಯಮಗಳು ಬದಲಾಗುತ್ತವೆ, ದಾಖಲೆಗಳು ಅಳಿಯುತ್ತವೆ. ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದರೂ ಎರಡನೆಯ ಸುತ್ತಿಗೆ ಸ್ಥಿರಚಿತ್ತದಿಂದ ಸಜ್ಜಾಗುವ ಗುಣ ಮಾತ್ರ ಎಲ್ಲ ಕಾಲಕ್ಕೂ ಬೇಕಾದದ್ದು.

ಪದಗಳ ಅರ್ಥ
ಚಾಕಚಕ್ಯತೆ – ಚುರುಕುತನ, ಕೌಶಲ
ಮಿತಭಾಷಿ – ಕಡಿಮೆ ಮಾತನಾಡುವವರು
ಹವ್ಯಾಸಿ – ಹಣಕ್ಕಾಗಿ ಅಲ್ಲದೆ ಪ್ರೀತಿಯಿಂದ ಆಡುವವರು
ವಿರಳ – ಅಪರೂಪ

ಉತ್ತರಿಸಿರಿ
1. ತಾಂತ್ರಿಕ ಸ್ಪರ್ಧೆಗಳು ಡೌನ್‌ಹಿಲ್ ಸ್ಪರ್ಧೆಗಿಂತ ಹೇಗೆ ಭಿನ್ನ?
2. ಸ್ಟೆನ್ಮಾರ್ಕ್ 1984ರ ಒಲಿಂಪಿಕ್ಸಿನಲ್ಲಿ ಏಕೆ ಭಾಗವಹಿಸಲಿಲ್ಲ?
3. ಲೇಕ್ ಪ್ಲ್ಯಾಸಿಡ್‌ನ ಎರಡು ಗೆಲುವುಗಳಲ್ಲಿ ಕಾಣುವ ಸಮಾನ ಅಂಶ ಯಾವುದು?

ಚರ್ಚಿಸಿರಿ
ಆಟದಿಂದ ಹಣ ಗಳಿಸುವವರನ್ನು ಒಲಿಂಪಿಕ್ಸಿನಿಂದ ಹೊರಗಿಟ್ಟದ್ದು ಸರಿಯೇ? ಗುಂಪುಗಳಲ್ಲಿ ಚರ್ಚಿಸಿ ನಿಮ್ಮ ಅಭಿಪ್ರಾಯ ಬರೆಯಿರಿ.