ರಕ್ತಹೀನತೆ: ಹೆಸರು ಒಂದು, ಕಾರಣ ಹಲವು



ಪೂಜೆಯ ನಡುವೆ ತಾಯಿಯೊಬ್ಬರು ತಲೆಸುತ್ತಿ ಬೆಂಚಿಗೆ ಒರಗಿದರೆ ನಾವು ನೀರು ಕೊಟ್ಟು, "ಬೆಳಗ್ಗೆ ಏನೂ ತಿಂದಿಲ್ಲ, ಅದಕ್ಕೇ" ಎಂದು ಸುಮ್ಮನಾಗುತ್ತೇವೆ. ಹಲವು ಸಲ ಕಾರಣ ಅದಕ್ಕಿಂತ ಹಳೆಯದಾಗಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಆಸ್ಪತ್ರೆಯಲ್ಲಿ ತಮಿಳಿನವರು 'ರತ್ತ ಸೋಗೈ' ಎಂದರೂ, ವಯನಾಡಿನ ಕಡೆ 'ವಿಳರ್ಚ' ಎಂದರೂ ಹೇಳುವುದು ಇದನ್ನೇ.

ಹಾಗೆಂದರೇನು?

ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಮೈಯ ಎಲ್ಲ ಭಾಗಗಳಿಗೂ ಆಮ್ಲಜನಕ ಒಯ್ಯುತ್ತದೆ. ಅದು ಗಂಡಸರಲ್ಲಿ 13, ಹೆಂಗಸರಲ್ಲಿ 12, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. ಸುಸ್ತು, ಏರು ಹತ್ತುವಾಗ ಏದುಸಿರು, ಎದೆ ಬಡಿತ, ಕೆಳರೆಪ್ಪೆಯ ಒಳಭಾಗ ಬಿಳಚಿಕೊಳ್ಳುವುದು ಇದರ ಲಕ್ಷಣಗಳು.

ಮುಖ್ಯ ವಿಧಗಳು

1. ಕಬ್ಬಿಣಾಂಶದ ಕೊರತೆ. ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದು. ಮುಟ್ಟಿನ ಅತಿಸ್ರಾವ, ಹತ್ತಿರ ಹತ್ತಿರದ ಹೆರಿಗೆ, ಕೊಕ್ಕೆಹುಳು ಇದಕ್ಕೆ ಕಾರಣಗಳು. ಮಣ್ಣು, ಹಸಿ ಅಕ್ಕಿ ತಿನ್ನುವ ಮಗುವನ್ನು ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆ ನುಂಗಿದಾಗ ಮಲ ಕಪ್ಪಾಗುವುದು ಸಹಜ. ಅದಕ್ಕೆ ಹೆದರಿ ನಿಲ್ಲಿಸಬೇಡಿ. ನಿಂಬೆರಸದೊಡನೆ ತೆಗೆದುಕೊಂಡರೆ ಒಳ್ಳೆಯದು. ಚಹಾ, ಕಾಫಿ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ; ಊಟಕ್ಕೂ ಮಾತ್ರೆಗೂ ಒಂದು ಗಂಟೆ ದೂರವಿಡಿ. ಚಹಾ ತೋಟಗಳ ನಡುವೆ ಬಾಳುವ ನಮಗೆ ಇದು ಕಷ್ಟವೇ, ಆದರೂ ಬೇಕು.

2. ಬಿ12, ಫೋಲಿಕ್ ಆಮ್ಲದ ಕೊರತೆ. ವಯಸ್ಸಾದವರಲ್ಲಿ, ಮಾಂಸ, ಮೊಟ್ಟೆ, ಹಾಲು ಕಡಿಮೆ ತಿನ್ನುವವರಲ್ಲಿ ಬಿ12 ಕಡಿಮೆಯಾಗುತ್ತದೆ. ನಾಲಿಗೆ ನುಣುಪಾಗಿ ಉರಿಯುತ್ತದೆ, ಪಾದ ಜುಮ್ಮೆನ್ನುತ್ತದೆ, ಮರೆವು ಬರುತ್ತದೆ. ಬಿ12 ಕೊರತೆಯಿದ್ದಾಗ ಫೋಲಿಕ್ ಮಾತ್ರೆಯನ್ನಷ್ಟೇ ತಿಂದರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ನಿಲ್ಲುವುದಿಲ್ಲ.

3. ಬೇರೆ ಕಾಯಿಲೆಯಿಂದ ಬರುವುದು. ಮೂತ್ರಪಿಂಡ ಸೋತಾಗ, ಕರುಳಿನಲ್ಲಿ ರಕ್ತ ಸೋರುತ್ತಿರುವಾಗ ಹೀಗಾಗುತ್ತದೆ. ವಯಸ್ಸಾದ ಗಂಡಸರಲ್ಲಿ ಹಿಮೋಗ್ಲೋಬಿನ್ ಇಳಿದರೆ ಟಾನಿಕ್ ಕುಡಿಸಿ ಕೂರಬೇಡಿ, ಕಾರಣ ಹುಡುಕಿಸಿ.

4. ಕುಡುಗೋಲು ಕಣ ಕಾಯಿಲೆ (ಸಿಕಲ್ ಸೆಲ್). ತಂದೆ ತಾಯಿಯರಿಂದ ಬರುವಂಥದ್ದು. 1952ರಲ್ಲೇ ನೀಲಗಿರಿಯ ಆದಿವಾಸಿಗಳಲ್ಲಿ ಇದನ್ನು ಗುರುತಿಸಲಾಗಿತ್ತು, ವಯನಾಡಿನಲ್ಲೂ ಇದೆ. ಕೆಂಪು ಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲು, ಎದೆ, ಬೆನ್ನಿನಲ್ಲಿ ತಡೆಯಲಾರದ ನೋವು ಬರುತ್ತದೆ. ಇಂಥವರಿಗೆ ಧಾರಾಳ ನೀರು, ಚಳಿಯಿಂದ ರಕ್ಷಣೆ ಬೇಕು. ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಹೇಳದೆ ಕಬ್ಬಿಣದ ಮಾತ್ರೆ ಕೊಡಬೇಡಿ.

ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕರಾಗಿರುವುದು ರೋಗವಲ್ಲ, ಶಾಪವಲ್ಲ, ಯಾರ ಪಾಪದ ಫಲವೂ ಅಲ್ಲ. ವಿವಾಹ ಸಿದ್ಧತಾ ಶಿಬಿರಕ್ಕೆ ಬರುವ ಯುವಕ ಯುವತಿಯರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬುದು ನಮ್ಮ ಕೋರಿಕೆ. ಸಂಬಂಧ ಮುರಿಯಲೆಂದಲ್ಲ, ಹುಟ್ಟುವ ಮಗುವನ್ನು ಮೊದಲ ದಿನದಿಂದಲೇ ಜೋಪಾನ ಮಾಡಲೆಂದು.

ತಪಸ್ಸುಕಾಲದ ಮಾತು

ಉಪವಾಸದ ನಿಯಮ ಕಾಯಿಲೆಯವರನ್ನೂ ಗರ್ಭಿಣಿಯರನ್ನೂ ಹಾಲೂಡಿಸುವ ತಾಯಂದಿರನ್ನೂ ಕಟ್ಟಿಹಾಕುವುದಿಲ್ಲ. ಸಂದೇಹವಿದ್ದರೆ ಗುರುಗಳನ್ನು ಕೇಳಿ. ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಉಣ್ಣುವ ಅಮ್ಮ ನಮ್ಮ ಪ್ರತಿ ಮನೆಯಲ್ಲೂ ಇದ್ದಾರೆ. ಈ ತಪಸ್ಸುಕಾಲದಲ್ಲಿ ಸೊಪ್ಪಿನ ಸಾರನ್ನೂ ಮೀನಿನ ತುಂಡನ್ನೂ ಮೊದಲು ಅವರ ತಟ್ಟೆಗೆ ಬಡಿಸೋಣ. ಅದೂ ತ್ಯಾಗವೇ, ಅದೂ ಪ್ರಾರ್ಥನೆಯೇ.