ಕಡಲಾಳಕ್ಕೆ ಇಳಿದವರು ಸ್ಕೂಟರ್ ಹತ್ತುವ ಮುನ್ನ

ಸ್ಕೂಬಾ ಡೈವಿಂಗ್‌ಗೆ ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಶಾರ್ಕ್ ಇರುತ್ತದಾ, ಈಜು ಬರದಿದ್ದರೆ ನಡೆಯುತ್ತದಾ, ಸಿಲಿಂಡರ್ ಖಾಲಿಯಾದರೆ ಏನು ಗತಿ. ಬಾಡಿಗೆ ಸ್ಕೂಟರಿನ ಬ್ರೇಕ್ ಹಿಡಿಯುತ್ತದಾ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಅಂಡಮಾನಿನ ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಎಂದು ಹೆಸರು, ಜನರ ಬಾಯಲ್ಲಿ ಮಾತ್ರ ಇನ್ನೂ ಹ್ಯಾವ್‌ಲಾಕೇ. ಅಲ್ಲಿ ಮೂರು ದಿನ ನೀರಿಗಿಳಿದೆವು. ಇನ್‌ಸ್ಟ್ರಕ್ಟರ್ ನಮ್ಮ ಒಂದೊಂದು ಬಕಲ್ಲನ್ನೂ ಎರಡೆರಡು ಸಲ ಎಳೆದು ನೋಡುತ್ತಿದ್ದ. ನಾಲ್ಕನೇ ದಿನ ಅದೇ ನಾವು ಹವಾಯಿ ಚಪ್ಪಲಿ, ಬರ್ಮುಡಾದಲ್ಲಿ ಸ್ಕೂಟರ್ ತಗೊಂಡು ಕಾಲಾಪತ್ಥರ್ ಕಡೆ ಹೊರಟೆವು. ಹೆಲ್ಮೆಟ್ಟಿನ ಪಟ್ಟಿಗೆ ಬಕಲ್ಲೇ ಇರಲಿಲ್ಲ, ಗಂಟು ಹಾಕಿಕೊಂಡೆ. ಒಂದು ತಿರುವಿನಲ್ಲಿ ರಸ್ತೆಗೆ ಮರಳು ಹರಡಿತ್ತು. ಹಿಂದಿನ ಬ್ರೇಕ್ ಲಿವರ್ ಹಿಡಿಗೆ ತಾಗುವಷ್ಟು ಸಡಿಲ, ಹಾಗಾಗಿ ಮುಂದಿನದನ್ನು ಒತ್ತಿದೆ. ಗಾಡಿ ಮಲಗಿತು. ನನ್ನ ಮೊಣಕೈ ತರಚಿತು, ಹಿಂದೆ ಕೂತಿದ್ದ ಗೆಳೆಯನ ಮಣಿಕಟ್ಟು ಬಿರುಕು ಬಿಟ್ಟಿತು. ಅಂಗಡಿಯವನು ಬಂದವನೇ ಮೊದಲು ಬಗ್ಗಿ ನೋಡಿದ್ದು ಸೈಡ್ ಪ್ಯಾನೆಲ್ಲನ್ನು.

ವಿಮೆ ಇರಲಿಲ್ಲವೇ? ಇತ್ತು, ಡೈವಿಂಗ್‌ಗೆ. ಅದರಲ್ಲಿ ರಸ್ತೆ ಇರಲಿಲ್ಲ.

ಒಣ ದಿನದ ಲೆಕ್ಕ

ಡೈವ್ ಮಾಡಿ ನೇರ ವಿಮಾನ ಹತ್ತುವಂತಿಲ್ಲ. ಆಳದಲ್ಲಿ ದೇಹಕ್ಕೆ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು. ಎತ್ತರಕ್ಕೆ ಏರಿ ಒತ್ತಡ ಇಳಿದರೆ ಅದೇ ಗುಳ್ಳೆಗಟ್ಟಿ ಕೀಲು, ನರಗಳನ್ನು ಕಾಡುತ್ತದೆ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವಂತೆ ಒಂದೇ ಸಾಮಾನ್ಯ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನದ ಡೈವ್ ಆದರೆ ಕನಿಷ್ಠ 18 ಗಂಟೆ ಬಿಡುವು ಬೇಕು. ಹಾಗಾಗಿ ಪ್ರವಾಸದ ಕೊನೆಯ ದಿನ ಎಲ್ಲರೂ ನೆಲದ ಮೇಲೇ. ಸಮಯ ಇದೆ, ಮೈ ದಣಿದಿದೆ, ನಿದ್ದೆ ಕಮ್ಮಿ. ಮಾಡಲು ಬೇರೇನೂ ಇಲ್ಲವೆಂದು ಸ್ಕೂಟರ್ ಹತ್ತುತ್ತೇವೆ. ಜೆಟ್ಟಿಯಿಂದ ರಾಧಾನಗರ ಬೀಚಿಗೆ ಸುಮಾರು 12 ಕಿ.ಮೀ. ತಿರುವಿನ ದಾರಿ, ಸೂರ್ಯಾಸ್ತ ನೋಡಿ ವಾಪಸಾಗುವಾಗ ಕತ್ತಲು.

ಮೊದಲ ದಿನವೇ ಸ್ಕೂಟರ್ ಹತ್ತಿದರೆ ಇನ್ನೊಂದು ಫಜೀತಿ. ತರಚಿದ ಗಾಯ, ಹೊಲಿಗೆ ಇದ್ದವರನ್ನು ಯಾವ ಒಳ್ಳೆಯ ಡೈವ್ ಸೆಂಟರೂ ನೀರಿಗೆ ಇಳಿಸುವುದಿಲ್ಲ. ಕಟ್ಟಿದ ಕೋರ್ಸ್ ಫೀ ಅಲ್ಲಿಗೇ ಹೋಯಿತು.

ಹೊರಡುವ ಮುನ್ನ: ಪಾಲಿಸಿ ತೆಗೆದು ಓದಿ

ನಿಮ್ಮ ಬಳಿ ಈಗಾಗಲೇ ಇರುವ ಆರೋಗ್ಯ ವಿಮೆಯಿಂದ ಶುರು ಮಾಡಿ. 'ಹೊರಗಿಟ್ಟವು' ಪಟ್ಟಿಯಲ್ಲಿ ಎಕ್ಸ್‌ಕ್ಲೂಷನ್ 09 ಅಂತ ಒಂದು ಕಲಂ ಸಿಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯಲ್ಲಿ ಬರೆದುಕೊಟ್ಟದ್ದು ಅದು. ಅಪಾಯಕಾರಿ ಸಾಹಸ ಕ್ರೀಡೆಗಳ ಸಾಲಿನಲ್ಲಿ ಸ್ಕೂಬಾ ಡೈವಿಂಗ್ ಹೆಸರು ಹಿಡಿದೇ ಬರುತ್ತದೆ. ಗಾಬರಿ ಬೇಡ, ಆ ವಾಕ್ಯದಲ್ಲೇ 'ವೃತ್ತಿಪರರಾಗಿ ಭಾಗವಹಿಸಿದರೆ' ಎಂಬ ಮಾತಿದೆ. ರಜೆಗೆ ಹೋದವರು ವೃತ್ತಿಪರರಲ್ಲ. ಕ್ಲೇಮ್ ತಿರಸ್ಕರಿಸಿದರೆ ಹಿಡಿದು ವಾದಿಸಬೇಕಾದ ಶಬ್ದ ಇದೇ. ಸಂಬಳಕ್ಕೆ ಡೈವ್ ಮಾಡಿಸುವ ಹುಡುಗರಿಗೆ ಮಾತ್ರ ಈ ಬಾಗಿಲು ಮುಚ್ಚಿದೆ.

ಅಪಘಾತ ವಿಮೆ ಮತ್ತು ಪ್ರವಾಸ ವಿಮೆಗಳ ಭಾಷೆ ಬೇರೆ. ಅಲ್ಲಿ 'ವೃತ್ತಿಪರ' ಎಂಬ ಶಬ್ದ ಇಲ್ಲದೆಯೂ ಸಾಹಸ ಕ್ರೀಡೆಯನ್ನು ಪೂರ್ತಿ ಹೊರಗಿಟ್ಟಿರಬಹುದು. ಡೈವಿಂಗ್‌ಗೆಂದೇ ಮಾಡಿಸುವ ವಿಮೆಯಲ್ಲಿ ಇದರ ಉಲ್ಟಾ: ಗುಳ್ಳೆ ಕರಗಿಸಲು ಒತ್ತಡದ ಚೇಂಬರಿನಲ್ಲಿ ಕೊಡುವ ಚಿಕಿತ್ಸೆ, ತುರ್ತು ಸಾಗಾಟ ಎಲ್ಲ ಇದ್ದು, ನೀರಿನಿಂದ ಹೊರಗೆ ಆದದ್ದಕ್ಕೆ ಪೈಸೆಯೂ ಇಲ್ಲದ ಪ್ಲಾನುಗಳಿವೆ. ಕಂಪನಿಗೆ ಇಮೇಲ್ ಹಾಕಿ ಎರಡು ಪ್ರಶ್ನೆ ಕೇಳಿ. ಇಷ್ಟು ಮೀಟರ್ ಆಳದ ಮನರಂಜನಾ ಡೈವಿಂಗ್‌ಗೆ ರಕ್ಷಣೆ ಇದೆಯೇ? ಬಾಡಿಗೆ ದ್ವಿಚಕ್ರ ವಾಹನ ಓಡಿಸುವಾಗ, ಹಿಂದೆ ಕೂತಾಗ ಇದೆಯೇ? ಉತ್ತರ ಬರಹದಲ್ಲೇ ಬೇಕು. ಏಜೆಂಟರು ಫೋನಿನಲ್ಲಿ 'ಎಲ್ಲಾ ಕವರ್ ಆಗುತ್ತೆ ಸಾರ್' ಅನ್ನುವುದು ಲೆಕ್ಕಕ್ಕಿಲ್ಲ.

ಕಲಿತ ಪಾಠ ಇನ್ನೊಂದಿದೆ. ಗೆಳೆಯನ ಮಣಿಕಟ್ಟಿಗೆ ಎಕ್ಸ್‌ರೇ ತೆಗೆದು ಪಟ್ಟಿ ಹಾಕಿ ಅದೇ ದಿನ ಕಳಿಸಿದರು. ಅಡ್ಮಿಟ್ ಆಗದ ಕಾರಣ ಅವನ ಆರೋಗ್ಯ ವಿಮೆ ಏನೂ ಕೊಡಲಿಲ್ಲ. ಅಪಘಾತ ವಿಮೆಯೂ ಸಾವು, ಶಾಶ್ವತ ಊನಕ್ಕೆ ಮಾತ್ರ ಇತ್ತು. ಕೆಲಸಕ್ಕೆ ಹೋಗಲಾಗದ ವಾರಗಳಿಗೆ ಹಣ ಕೊಡುವ ತಾತ್ಕಾಲಿಕ ಅಸಾಮರ್ಥ್ಯದ ಸೌಲಭ್ಯವನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಡೈವಿಂಗ್‌ಗೆ ಹೋಗುವವರಲ್ಲಿ ಹೆಚ್ಚಿನವರು ಕೀಬೋರ್ಡ್ ಕುಟ್ಟಿ ಬದುಕುವವರು, ಮಣಿಕಟ್ಟೇ ಅವರ ಬಂಡವಾಳ.

ಅಂಗಡಿಯಲ್ಲಿ: ಬೋರ್ಡು ನೋಡಿ, ಆಮೇಲೆ ಬ್ರೇಕು

ಭಾರತದಲ್ಲಿ ಸ್ವಂತ ಓಡಿಸಲು ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಬೋರ್ಡಿನ ಖಾಸಗಿ ಗಾಡಿ ಕೊಟ್ಟರೆ ಬಿಟ್ಟುಬಿಡಿ, ಬಾಡಿಗೆ ನೂರು ರೂಪಾಯಿ ಕಮ್ಮಿ ಇದ್ದರೂ. ಖಾಸಗಿ ಗಾಡಿಯನ್ನು ಬಾಡಿಗೆಗೆ ಬಿಟ್ಟದ್ದು ಪಾಲಿಸಿಯ ಷರತ್ತು ಮುರಿದಂತೆ, ವಿಮಾ ಕಂಪನಿಗೆ ಕೈ ತೊಳೆದುಕೊಳ್ಳಲು ಅಷ್ಟು ಸಾಕು. ನಂಬರನ್ನು ಎಂ-ಪರಿವಾಹನ್ ಆ್ಯಪಿಗೆ ಹಾಕಿದರೆ ವಿಮೆ, ಎಮಿಷನ್ ಯಾವತ್ತಿನವರೆಗೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಆದರೆ ಗಾಡಿಗೆ ವಿಮೆ ಇದೆ ಎಂದರೆ ನಿಮಗೆ ಇದೆ ಎಂದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಥರ್ಡ್ ಪಾರ್ಟಿ ವಿಮೆ ಇರುವುದು ನೀವು ಗುದ್ದಿದವರಿಗೆ. 15 ಲಕ್ಷ ರೂಪಾಯಿಯ ಕಡ್ಡಾಯ ಅಪಘಾತ ರಕ್ಷಣೆ ಇರುವುದು ಗಾಡಿಯ ಮಾಲೀಕ ತಾನೇ ಓಡಿಸುವಾಗ. ಮಧ್ಯದಲ್ಲಿ ಬಾಡಿಗೆಗೆ ತಂದ ನೀವು ಯಾರೂ ಅಲ್ಲ. ನಮ್ಮ ಇಳಕಲ್ಲಿನಿಂದ ಬೇರೆಯವರ ಬೈಕು ತಗೊಂಡು ಊರಿಗೆ ಹೊರಟವರೊಬ್ಬರು ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಗಾಡಿ ಎರವಲು ಪಡೆದವರು ಮಾಲೀಕರ ಜಾಗದಲ್ಲೇ ನಿಂತಂತೆ, ಹಾಗಾಗಿ ತಪ್ಪು ಯಾರದೆಂದು ಸಾಬೀತು ಮಾಡದೆ ಪರಿಹಾರ ಕೇಳುವ ಕಲಮಿನಡಿ ಆ ಗಾಡಿಯ ವಿಮೆಯಿಂದ ಹಣ ಕೇಳುವಂತಿಲ್ಲ ಎಂದು 2009ರಲ್ಲಿ ಕೋರ್ಟ್ ಹೇಳಿತು. ಬಾಡಿಗೆ ಸವಾರರ ಮುಂದೆಯೂ ವಿಮಾ ಕಂಪನಿಗಳು ಈ ವಾದವನ್ನು ಇಡುತ್ತವೆ. ಹಿಂದೆ ಕೂತವರಿಗೂ ಬರೀ ಥರ್ಡ್ ಪಾರ್ಟಿ ಪಾಲಿಸಿ ಸಾಲದು, ಪ್ಯಾಕೇಜ್ ಪಾಲಿಸಿ ಇದೆಯೇ ನೋಡಿ.

ಇನ್ನು ಗಾಡಿ. ಎರಡೂ ಲಿವರ್ ಒತ್ತಿ, ಹಿಡಿಗೆ ತಾಗಿದರೆ ಬೇರೆ ಕೇಳಿ. ಟೈರಿನ ಕಚ್ಚುಗಳಲ್ಲಿ ಉಗುರು ಇಟ್ಟು ಆಳ ನೋಡಿ. ಹೆಡ್‌ಲೈಟ್ ಹಾಕಿ. ಕೀ ಈಸಿಕೊಳ್ಳುವ ಮುಂಚೆ ಗಾಡಿಯ ಸುತ್ತ ಒಂದು ನಿಮಿಷದ ವಿಡಿಯೊ ಮಾಡಿ ಅಂಗಡಿಯವನ ವಾಟ್ಸ್‌ಆ್ಯಪಿಗೇ ಕಳಿಸಿ. 'ಭಯ್ಯಾ, ಹಳೇ ಸ್ಕ್ರ್ಯಾಚ್ ಇದೆ ನೋಡಿ' ಎಂದು ಬಾಯಲ್ಲಿ ಹೇಳಿದ್ದು ವಾಪಸ್ ಕೊಡುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ನನಗಂತೂ ಮೂರು ಹಳೇ ಗೀರಿಗೂ ಬಿಲ್ ಬಂತು.

ಥಾಯ್ಲೆಂಡಿಗೆ ಹೊರಟಿದ್ದರೆ

ಕೋಹ್ ತಾವ್ ದ್ವೀಪಕ್ಕೆ ಡೈವಿಂಗ್ ಕಲಿಯಲು ಹೋಗುವ ಕನ್ನಡಿಗರು ಈಗ ಅಪರೂಪವಲ್ಲ. ಅಲ್ಲಿನ ಕಡಿದಾದ ಕಾಂಕ್ರೀಟ್ ಏರುಗಳಲ್ಲಿ 125 ಸಿಸಿ ಸ್ಕೂಟರ್ ಓಡಿಸಲು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ನಿಮ್ಮ ಆರ್‌ಟಿಒದಲ್ಲೇ ಸಿಗುತ್ತದೆ, ಒಂದು ವರ್ಷ ನಡೆಯುತ್ತದೆ. ಕೈಗೆ ಬಂದ ಕೂಡಲೇ ಒಳಪುಟ ತೆರೆದು ದ್ವಿಚಕ್ರದ 'ಎ' ವರ್ಗದ ಎದುರು ಸೀಲು ಬಿದ್ದಿದೆಯೇ ನೋಡಿ. ಕಾರಿನ ಲೈಸೆನ್ಸ್ ಮಾತ್ರ ಇದ್ದವರಿಗೆ ಆ ಸೀಲು ಬೀಳದು. ಪರ್ಮಿಟ್ ಕೇಳದೆ ಗಾಡಿ ಕೊಡುವ ಅಂಗಡಿಗಳು ಅಲ್ಲಿ ಬೇಕಾದಷ್ಟಿವೆ. ಕೇಳುವುದು ವಿಮಾ ಕಂಪನಿ, ಅದೂ ಆಸ್ಪತ್ರೆಯ ಬಿಲ್ ಕಳಿಸಿದ ಮೇಲೆ.

ಅಲ್ಲಿನ ಕಡ್ಡಾಯ ಮೋಟಾರು ವಿಮೆಯಲ್ಲಿ ತಪ್ಪು ಯಾರದೇ ಇರಲಿ ಮೊದಲ ಚಿಕಿತ್ಸೆಗೆ 30,000 ಬಾತ್‌ವರೆಗೆ ಸಿಗುತ್ತದೆ. ಕಾಲು ಮುರಿದು ಶಸ್ತ್ರಚಿಕಿತ್ಸೆಯಾದರೆ ಅದು ಯಾವ ಮೂಲೆಗೂ ಸಾಲದು. ಒತ್ತೆಯಾಗಿ ಪಾಸ್‌ಪೋರ್ಟ್ ಕೇಳಿದರೆ ಕೊಡಬೇಡಿ, ನಗದು ಡೆಪಾಸಿಟ್ ಒಪ್ಪುವ ಅಂಗಡಿ ಹುಡುಕಿ. ಪಾಸ್‌ಪೋರ್ಟ್ ಅವರ ಡ್ರಾಯರಿನಲ್ಲಿದ್ದರೆ ಹೇಳಿದಷ್ಟು ಕೊಟ್ಟೇ ದೋಣಿ ಹತ್ತಬೇಕಾಗುತ್ತದೆ.

ಬಿದ್ದ ಮೇಲೆ

ಮೊದಲು ವೈದ್ಯರಿಗೆ ಹೇಳಬೇಕಾದ್ದು, ಕಳೆದ ಡೈವ್ ಯಾವಾಗ, ಎಷ್ಟು ಆಳ ಅನ್ನುವುದು. ಕೈಕಾಲು ಜುಮ್ಮೆನ್ನುವುದು, ತಲೆ ಸುತ್ತುವುದು, ಶಕ್ತಿ ಕುಂದುವುದು ಬಿದ್ದ ಪೆಟ್ಟಿನಿಂದಲೂ ಆಗಬಹುದು, ನೈಟ್ರೋಜನ್ ಗುಳ್ಳೆಯಿಂದಲೂ ಆಗಬಹುದು. ಎರಡಕ್ಕೂ ಚಿಕಿತ್ಸೆ ಬೇರೆ. ಹ್ಯಾವ್‌ಲಾಕ್‌ನಿಂದ ದೊಡ್ಡ ಆಸ್ಪತ್ರೆಗೆ ಹೋಗಲು ಪೋರ್ಟ್ ಬ್ಲೇರಿಗೆ, ಈಗಿನ ಶ್ರೀ ವಿಜಯಪುರಂಗೆ, ಸಮುದ್ರ ದಾಟಬೇಕು. ಹೆಲಿಕಾಪ್ಟರಿನಲ್ಲಿ ಸಾಗಿಸುವ ಮಾತು ಬಂದರೂ ಡೈವ್ ಮಾಡಿದ್ದನ್ನು ಹೇಳಲೇಬೇಕು.

ನಂತರ ಕಾಗದಪತ್ರ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಮಾಡಿಸಿ, ಪೊಲೀಸ್ ಠಾಣೆಯಲ್ಲಿ ದೂರು ಬರೆಸಿ ನಕಲು ಪಡೆಯಿರಿ. ಅಂಗಡಿಯವನು 'ಪೊಲೀಸ್ ಯಾಕೆ, ಇಲ್ಲೇ ಮುಗಿಸೋಣ' ಎಂದರೂ ಒಪ್ಪಬೇಡಿ. ತುರ್ತಾಗಿ ಅಡ್ಮಿಟ್ ಆದರೆ ವಿಮಾ ಕಂಪನಿಗೆ ಸಾಮಾನ್ಯವಾಗಿ 24 ಗಂಟೆಯೊಳಗೆ ತಿಳಿಸಬೇಕು. ಔಷಧದ ಚೀಟಿ, ಎಕ್ಸ್‌ರೇ ಫಿಲ್ಮ್, ದೋಣಿ ಟಿಕೆಟ್, ಬಾಡಿಗೆ ರಸೀದಿ, ಡಿಎಲ್ ನಕಲು ಎಲ್ಲ ಒಂದೇ ಕವರಿನಲ್ಲಿರಲಿ. ಹಿಂದಿನ ರಾತ್ರಿಯ ಬಿಯರ್ ರಕ್ತದಲ್ಲಿ ಕಂಡರೆ ಈ ಕವರಿನಿಂದ ಉಪಯೋಗವಿಲ್ಲ.

ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಕಲಂ ಸಮೇತ ಬರಹದಲ್ಲಿ ಕೇಳಿ, ಅವರ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸರಿಯೆನಿಸದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವವರಿಗೆ ಇಷ್ಟೆಲ್ಲ ತಾಪತ್ರಯ ಇಲ್ಲ ಅನಿಸಬಹುದು. ವಿಮಾನವಿಲ್ಲ, ದ್ವೀಪದಲ್ಲಿ ರಸ್ತೆಯೇ ಇಲ್ಲ. ಆದರೆ ಬೆಂಗಳೂರಿನಿಂದ ಇಡೀ ರಾತ್ರಿ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ದೋಣಿಯಲ್ಲಿ ವಾಂತಿ ಮಾಡಿಕೊಂಡು, ಡೈವ್ ಮುಗಿಸಿ ಮಧ್ಯಾಹ್ನ ಗೋಕರ್ಣಕ್ಕೆ ಬಾಡಿಗೆ ಬೈಕಿನಲ್ಲಿ ಹೆದ್ದಾರಿ ಹಿಡಿಯುವ ಹುಡುಗರನ್ನು ನೋಡಿದ್ದೇನೆ. ಮುರುಡೇಶ್ವರದಲ್ಲಿ ರೈಲು ನಿಲ್ದಾಣ ಇದೆ. ಗೋಕರ್ಣ ರೋಡ್‌ನಲ್ಲೂ ಇದೆ.