ಹಾರರ್ ಆಟದ ಎರಡನೇ ಭಾಗಕ್ಕೆ ಕೈ ಹಾಕುವ ಮುನ್ನ

ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಕಡೆ ಬಾಡಿಗೆ ಕೋಣೆ ಹಿಡಿದು ಗೇಮ್ ಸ್ಟುಡಿಯೊಗಳಿಗೆ ಸೇರುತ್ತಿರುವ ಹುಡುಗ ಹುಡುಗಿಯರೇ, ನೀವು ಕಾಲೇಜಿನಲ್ಲಿ ರಾತ್ರಿಯೆಲ್ಲ ಕೂತು ಆಡಿದ ಹಾರರ್ ಆಟದ ಎರಡನೇ ಭಾಗಕ್ಕೇ ಕೆಲಸ ಸಿಕ್ಕಿದರೆ ಮನೆಯವರಿಗೆಲ್ಲ ಸಿಹಿ ಹಂಚುತ್ತೀರಿ. ಹಂಚಲೇಬೇಕು. ಹಾಗೆಯೇ ‘ಡೆಡ್ ಐಲ್ಯಾಂಡ್ 2’ ಪಟ್ಟ ಪಾಡನ್ನೂ ಒಮ್ಮೆ ಕೇಳಿಸಿಕೊಳ್ಳಿ.

ಪೋಲೆಂಡಿನ ಟೆಕ್‌ಲ್ಯಾಂಡ್ ಮಾಡಿದ ಮೊದಲ ಭಾಗ 2011ರಲ್ಲಿ ಬಂದು ಚೆನ್ನಾಗಿ ಮಾರಾಟವಾಯಿತು. ಎರಡನೆಯದನ್ನು 2014ರಲ್ಲಿ ಘೋಷಿಸಿ, ಮರುವರ್ಷವೇ ಬಿಡುಗಡೆ ಎಂದರು. ಕೆಲಸ ಬರ್ಲಿನ್‌ನ ಯಾಗರ್ ಕೈಯಲ್ಲಿತ್ತು. 2015ರಲ್ಲಿ ಪ್ರಕಾಶಕರು ಅದನ್ನು ವಾಪಸ್ ಪಡೆದರು. ಆ ಆಟಕ್ಕೆಂದೇ ಇದ್ದ ಯಾಗರ್‌ನ ಅಂಗಸಂಸ್ಥೆ ದಿವಾಳಿ ಅರ್ಜಿ ಹಾಕಬೇಕಾಯಿತು. 2016ರಲ್ಲಿ ಇಂಗ್ಲೆಂಡಿನ ಸುಮೊ ಡಿಜಿಟಲ್, 2019ರಲ್ಲಿ ನಾಟಿಂಗ್‌ಹ್ಯಾಮ್‌ನ ಡ್ಯಾಂಬಸ್ಟರ್. ಆಟ ಜನರ ಕೈ ಸೇರಿದ್ದು 2023ರ ಏಪ್ರಿಲ್ 21ರಂದು. ಮೂರೇ ದಿನದಲ್ಲಿ ಹತ್ತು ಲಕ್ಷ ಪ್ರತಿ ಖರ್ಚಾದವು. ಆದರೆ ಮೊದಲೆರಡು ಸ್ಟುಡಿಯೊಗಳಲ್ಲಿ ದುಡಿದವರ ವರ್ಷಗಳನ್ನು ಆ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ. ನನಗೆ ಸಂಕಟವಾಗುವುದು ಅಲ್ಲೇ.

ಇದು ದೂರದವರ ಕತೆ ಅಂದುಕೊಳ್ಳಬೇಡಿ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆಕ್ಟಿವ್ ಈ ದೇಶದ ಗೇಮ್ ಉದ್ಯಮಕ್ಕೆ ಹಿರಿಯಣ್ಣ. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದರ ಬಹುಪಾಲು ಷೇರು ಕೊಂಡಿತು. ಅದೇ ಸ್ಟಾರ್‌ಬ್ರೀಜ್ 2014ರಲ್ಲೇ ‘ಓವರ್‌ಕಿಲ್ಸ್ ದ ವಾಕಿಂಗ್ ಡೆಡ್’ ಎಂಬ ಜಾಂಬಿ ಆಟ ಘೋಷಿಸಿತ್ತು. ದಿನಾಂಕ ಮತ್ತೆ ಮತ್ತೆ ಮುಂದೆ ಹೋಯಿತು. ನಡುದಾರಿಯಲ್ಲಿ ವಲ್ಹಲ್ಲಾ ಎಂಜಿನ್ ಬಿಟ್ಟು ಅನ್‌ರಿಯಲ್‌ಗೆ ಹೊರಳಿದರು. 2018ರ ನವೆಂಬರ್‌ನಲ್ಲಿ ಬಂದ ಆಟ ನೆಲಕಚ್ಚಿತು, ಡಿಸೆಂಬರ್‌ನಲ್ಲಿ ಕಂಪನಿ ಸಾಲಗಾರರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. 2019ರ ಮೇನಲ್ಲಿ ಧ್ರುವ 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಪಾಲಾಯಿತು. ಸ್ಟಾಕ್‌ಹೋಮ್‌ನಲ್ಲಿ ತಪ್ಪಿದ ಲೆಕ್ಕಕ್ಕೆ ಬೆಂಗಳೂರಿನ ನೂರಾರು ಕಲಾವಿದರ ಕಂಪನಿ ಕೈ ಬದಲಾಯಿಸಿತು.

ಎಂಜಿನ್ ಬದಲಾದರೆ ಏನಾಗುತ್ತದೆಂದು ಒಂದು ಜಾಂಬಿಯ ಮೈ ಹಿಡಿದೇ ನೋಡಿ. ಮೊದಲು ಲಕ್ಷಗಟ್ಟಲೆ ಪಾಲಿಗನ್‌ಗಳ ಶಿಲ್ಪ. ಕೊಳೆತ ಕೆನ್ನೆ, ಹರಿದ ತುಟಿ ಎಲ್ಲ ಅದರಲ್ಲೇ. ಆಮೇಲೆ ಅದನ್ನು ಹಗುರ ಮಾಡಿ, ಯುವಿ ಬಿಚ್ಚಿ, ನಾರ್ಮಲ್ ಮ್ಯಾಪ್ ಬೇಕ್ ಮಾಡಿ, ಟೆಕ್ಸ್ಚರ್ ಬಳಿಯಬೇಕು. ಇಷ್ಟು ಕೆಲಸ ಎಂಜಿನ್ ಹೋದರೂ ಉಳಿಯುತ್ತದೆ. ಆದರೆ ಚರ್ಮದ ಹಸಿ ಹೊಳಪು ತೋರಿಸುವ ಶೇಡರ್, ನಡಿಗೆ ಬದಲಿಸುವ ಅನಿಮೇಷನ್ ಗ್ರಾಫ್, ಕತ್ತಲಲ್ಲಿ ಆ ಮುಖ ಎಷ್ಟು ಕಾಣಬೇಕೆಂದು ತೂಗಿ ಇಟ್ಟ ಬೆಳಕು, ಇವೆಲ್ಲ ಮತ್ತೆ ಮೊದಲಿನಿಂದ. ಹೆದರಿಕೆ ಹುಟ್ಟುವುದು ಮಾಡೆಲ್‌ನಿಂದಲ್ಲ, ಈ ಎರಡನೇ ಪಟ್ಟಿಯಿಂದ. ಹಾರರ್ ಆಟಕ್ಕೆ ಎಂಜಿನ್ ಬದಲಾವಣೆ ಅಷ್ಟು ದುಬಾರಿ ಬೀಳುವುದು ಇದಕ್ಕೇ.

ಪರ್ಪಲ್ ಲೈನ್ ಮೆಟ್ರೊ ನೆನಪಿದೆಯಲ್ಲ? 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ರೈಲು ಬಂತು, ಬೈಯಪ್ಪನಹಳ್ಳಿವರೆಗೆ ಮೊದಲೇ ಇತ್ತು. ನಡುವಿನ ಸುಮಾರು ಎರಡು ಕಿಲೋಮೀಟರ್ ಜೋಡಣೆಯಾಗಿದ್ದು ಅಕ್ಟೋಬರ್ 9ಕ್ಕೆ. ಅಲ್ಲಿವರೆಗೆ ಜನ ಟಿನ್ ಫ್ಯಾಕ್ಟರಿ ಟ್ರಾಫಿಕ್‌ನಲ್ಲಿ ಬಸ್ಸಿನಲ್ಲಿ ಬೆವರಿದರು. ತಡವಾಗುವ ಆಟಗಳೂ ಹೀಗೇ. ಲೆವೆಲ್ ಚೆಂದ, ಕ್ಯಾರೆಕ್ಟರ್ ಚೆಂದ, ಸೌಂಡ್ ಚೆಂದ. ಮೂರನ್ನೂ ಜೋಡಿಸಿ ಹತ್ತು ನಿಮಿಷ ಆಡಿ ನೋಡಿದವರೇ ಇರುವುದಿಲ್ಲ. ಹಾಗಾಗಿ ಸೇರಿದ ಮೊದಲ ವಾರದಲ್ಲೇ ಕೇಳಿ: ಆಡಬಹುದಾದ ಬಿಲ್ಡ್ ಎಲ್ಲಿದೆ? ಎಂಜಿನ್ ಯಾವುದೆಂದು ಗಟ್ಟಿಯಾಗಿದೆಯೇ? ಮೊದಲ ಭಾಗದಿಂದ ಏನು ಉಳಿಸಿಕೊಳ್ಳುತ್ತೇವೆ? ಮೂರನೆಯದಂತೂ ಸೀಕ್ವೆಲ್‌ನ ಜೀವ. ಅಭಿಮಾನಿಗಳು ಹಳೆಯದೇ ಬೇಕೆನ್ನುತ್ತಾರೆ, ಹೊಸದೂ ಬೇಕೆನ್ನುತ್ತಾರೆ. ಇದು ತೀರ್ಮಾನವಾಗದೆ ಕೆಲಸ ಹಂಚಿದರೆ ಮಾಡಿದ್ದನ್ನೆಲ್ಲ ಕೆಡವಿ ಕಟ್ಟುವುದೇ ಆಗುತ್ತದೆ.

ಹೊಸಬರು ಬಾಯಿ ಬಿಡಬಾರದು ಎಂಬ ಸಂಕೋಚ ನಮ್ಮವರಲ್ಲಿ ಜಾಸ್ತಿ. ಅದನ್ನು ಬಿಡಿ. ಮೇಲಿನವರು ತೀರ್ಮಾನ ಮಾಡದೆ ಕಳೆದ ತಿಂಗಳುಗಳನ್ನು ನಿಮ್ಮ ನಿದ್ದೆ ಕೊಟ್ಟು ತುಂಬಿಸಲು ಆಗುವುದಿಲ್ಲ. ಬಿಡುಗಡೆಗೆ ಮುಂಚಿನ ಎರಡು ವಾರ ಜೀವ ತೇಯ್ದರೆ ಅರ್ಥವಿದೆ. ದಿಕ್ಕೇ ಗೊತ್ತಿಲ್ಲದ ಆಟಕ್ಕೆ ಇಡೀ ವರ್ಷ ರಾತ್ರಿ ಪಾಳಿ ಮಾಡಿದರೆ ಕಣ್ಣು, ಬೆನ್ನು ಎರಡೂ ಹೋಗುತ್ತವೆ, ಆಟವೂ ಬರುವುದಿಲ್ಲ.

ಇನ್ನೊಂದು ವಿಷಯ. ಆಟ ನಿಂತುಹೋದರೆ ಗೋಪ್ಯತಾ ಕರಾರಿನಿಂದಾಗಿ ನೀವು ಮಾಡಿದ್ದನ್ನು ಹೊರಗೆ ತೋರಿಸಲೂ ಆಗದಿರಬಹುದು. ಕ್ರೆಡಿಟ್ಸ್‌ನಲ್ಲಿ ಹೆಸರು ಬರುತ್ತದೆಯೇ, ಯಾವಾಗ ಕೆಲಸ ತೋರಿಸಬಹುದು ಎಂಬುದನ್ನು ಸಹಿ ಹಾಕುವ ಮೊದಲೇ ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ. ಬಿಡುವಿನಲ್ಲಿ ನಿಮ್ಮದೇ ಒಂದು ಪುಟ್ಟ ಆಟ ಮಾಡಿ ಮುಗಿಸಿ. ಅಂಗರಚನೆ, ಬೆಳಕು, ಸದ್ದು, ಇವುಗಳನ್ನು ಕಲಿಯಿರಿ. ಯಾವ ಎಂಜಿನ್ ಬಂದರೂ ಅವು ನಿಮ್ಮ ಜೊತೆ ಬರುತ್ತವೆ. ನಾಳೆಯ ಬಿಲ್ಡ್‌ನಲ್ಲಿ ಏನೋ ಸರಿಯಿಲ್ಲ ಅನಿಸಿದರೆ ನಾಳೆಯೇ ಲೀಡ್‌ಗೆ ಹೇಳಿ, ಮುಂದಿನ ತಿಂಗಳವರೆಗೆ ಕಾಯಬೇಡಿ.